ಊರ ರಿಯಾಲಿಟಿ ಸ್ಪರ್ಧೆಗೆ ಟ್ವಿಸ್ಟ್ ಹಾಕುವುದು ಹೇಗೆ? ಕಾರವಾರದಿಂದ ಶಿರಸಿವರೆಗಿನ ಸಂಘಟಕರಿಗೆ

ಟಿವಿಯ ರಿಯಾಲಿಟಿ ಶೋ ಮಾದರಿಯಲ್ಲಿ ಎರಡು ದಿನದ ಸ್ಪರ್ಧೆ ಇಡಬೇಕು ಅಂತ ಹೊರಡುವ ಯುವಕ ಸಂಘದವರು, ಕಾಲೇಜಿನ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಯಾವ ಟ್ವಿಸ್ಟ್ ಇಡೋಣ? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಆ ಟ್ವಿಸ್ಟ್ ಅನ್ನು ಯಾವಾಗ ಬರೆದಿಟ್ಟಿರಿ?

ಟ್ವಿಸ್ಟ್ ಅಂದರೆ ಆಟದ ನಡುವೆ ನಿಯಮದಲ್ಲಿ ಬರುವ ಬದಲಾವಣೆ. ಆಟಗಾರರಿಗೆ ಅದು ಅನಿರೀಕ್ಷಿತವಾಗಿರಬಹುದು, ಸಂಘಟಕರಿಗೆ ಮಾತ್ರ ಆಗಿರಬಾರದು. ಆಟ ಶುರುವಾದ ಮೇಲೆ, ಯಾರು ಗೆಲ್ಲುತ್ತಿದ್ದಾರೆ ಅಂತ ನೋಡಿಕೊಂಡು ಹುಟ್ಟಿಸಿದ ಟ್ವಿಸ್ಟನ್ನು ನೋಡುವವರು ಪಕ್ಷಪಾತ ಅಂತಲೇ ಓದುತ್ತಾರೆ. ನಮ್ಮ ಊರುಗಳಲ್ಲಿ ಸಮಿತಿಯ ಅಧ್ಯಕ್ಷರ ಅಳಿಯ ಒಂದು ತಂಡದಲ್ಲಿ, ಖಜಾಂಚಿಯ ತಂಗಿ ಇನ್ನೊಂದು ತಂಡದಲ್ಲಿ ಇರುವುದು ಸಾಮಾನ್ಯ. ಆದ್ದರಿಂದ ಮಾತು ಏಳುವುದಕ್ಕೆ ನಿಜವಾದ ಪಕ್ಷಪಾತ ನಡೆಯಬೇಕೆಂದೇನೂ ಇಲ್ಲ, ಅನುಮಾನವಿದ್ದರೆ ಸಾಕು. ಮುಂದಿನ ಹಂತಗಳೆಲ್ಲ ಆ ಅನುಮಾನಕ್ಕೆ ಜಾಗ ಕೊಡದಿರಲಿಕ್ಕೇ ಇರುವಂಥವು.

ಇಲ್ಲಿ ಹೇಳುವ ಲೆಕ್ಕವೆಲ್ಲ 12 ಆಟಗಾರರು, ಎರಡು ತಂಡ, ಎರಡು ದಿನದ ಸ್ಪರ್ಧೆಗೆ. ನಿಮ್ಮಲ್ಲಿ 16 ಜನರಿದ್ದರೆ ಲೆಕ್ಕವನ್ನು ಮತ್ತೆ ಹಾಕಬೇಕು, ಹಾಗೇ ನಕಲು ಮಾಡಬೇಡಿ.

ಬೇಕಾಗುವ ಸಾಮಾನು

ಒಂದೇ ಅಳತೆಯ 200 ಮತಚೀಟಿ, ಒಂದೇ ಬಣ್ಣದ 12 ಪೆನ್ನು, ಮುಚ್ಚಳವಿರುವ ಎರಡು ಸ್ಟೀಲ್ ಡಬ್ಬಿ, ದಪ್ಪ ಕಾಗದದ ನಾಲ್ಕು ಲಕೋಟೆ, ಅರಗು ಅಥವಾ ಅಂಟುಪಟ್ಟಿ, ಕೊರಳಿಗೆ ಹಾಕುವ ಒಂದು ರಕ್ಷಾಹಾರ (ಹಗ್ಗಕ್ಕೆ ಮರದ ಬಿಲ್ಲೆ ಕಟ್ಟಿದರೂ ಆಯಿತು), ಏಳು ಲಗೋರಿ ಬಿಲ್ಲೆಗಳ ಎರಡು ಜೋಡಿ, ಒಂದು ಸೀಟಿ, ಒಂದು ಸ್ಟಾಪ್‌ವಾಚ್. ಮೈಕ್ ಕೈಕೊಟ್ಟರೆ ಅಂತ ಬ್ಯಾಟರಿಯ ಕೈಮೈಕ್ ಒಂದು ಇರಲಿ.

ಮತದಾನಕ್ಕೆ ಮೊಬೈಲ್ ಆಪ್ ಬೇಡ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಒಂದು ತಿರುವಿನಲ್ಲಿ ನೆಟ್‌ವರ್ಕ್ ಸಿಕ್ಕರೆ ಇನ್ನೊಂದರಲ್ಲಿ ಇರುವುದಿಲ್ಲ. ಕರೆಂಟ್ ಹೋದರೆ ಟವರ್ ಕೂಡ ಹೋಗುವ ಜಾಗಗಳಿವೆ. ಚೀಟಿಗೆ ಈ ಯಾವ ತೊಂದರೆಯೂ ಇಲ್ಲ, ಆಮೇಲೆ ತೆಗೆದು ತೋರಿಸಲಿಕ್ಕೂ ಬರುತ್ತದೆ.

1. ಟ್ವಿಸ್ಟ್ ಇಲ್ಲದೆ ಆಟವನ್ನು ಪೂರ್ತಿ ಬರೆಯಿರಿ

ಮೊದಲು ಸಾದಾ ಆಟ ನಿಲ್ಲಬೇಕು. 12 ಮಂದಿ, ತಲಾ ಆರರ ಎರಡು ತಂಡ. ಮೊದಲ ಮೂರು ಸುತ್ತಿನಲ್ಲಿ ಸೋತ ತಂಡ ತನ್ನವರಲ್ಲೇ ಒಬ್ಬರನ್ನು ಮತ ಹಾಕಿ ಹೊರಗೆ ಕಳಿಸುತ್ತದೆ. ಇದಕ್ಕೆ ಎಲಿಮಿನೇಷನ್ ಅನ್ನುತ್ತಾರೆ. 9 ಮಂದಿ ಉಳಿದಾಗ ತಂಡ ರದ್ದಾಗಿ ಎಲ್ಲರೂ ಒಂಟಿಯಾಗಿ ಆಡುತ್ತಾರೆ. ಅಲ್ಲಿಂದ ಪ್ರತಿ ಸುತ್ತಿನ ಆಟ ಗೆದ್ದವರಿಗೆ ರಕ್ಷಾಹಾರ. ಆ ಸುತ್ತಿನಲ್ಲಿ ಅವರಿಗೆ ಯಾರೂ ಮತ ಹಾಕುವಂತಿಲ್ಲ. ಟಿವಿಯವರು ಇಮ್ಯುನಿಟಿ ಅನ್ನುವುದು ಇದನ್ನೇ.

9ರಿಂದ 2ಕ್ಕೆ ಇಳಿಯುವಾಗ ಏಳು ಮಂದಿ ಹೊರಗೆ ಹೋಗುತ್ತಾರೆ. ಆ ಏಳು ಮಂದಿಯೇ ಕೊನೆಗೆ ತೀರ್ಪುಗಾರರು. ಇಬ್ಬರು ಫೈನಲಿಸ್ಟು, ಏಳು ಮತ, ಹಾಗಾಗಿ ಸಮ ಬೀಳುವ ಪ್ರಶ್ನೆಯೇ ಬರುವುದಿಲ್ಲ. ಈ ಏಳು ಅನ್ನುವ ಸಂಖ್ಯೆಯನ್ನು ಯಾವ ಟ್ವಿಸ್ಟೂ ಮುಟ್ಟದಂತೆ ನೋಡಿಕೊಳ್ಳಿ.

ಸಮಯದ ಲೆಕ್ಕ: ಆಟಕ್ಕೆ 25 ನಿಮಿಷ, ಮಾತುಕತೆಗೆ 15, ಮತ ಹಾಕಿ ಎಣಿಸಲಿಕ್ಕೆ 10, ಒಟ್ಟು ಒಂದು ಸುತ್ತಿಗೆ 50 ನಿಮಿಷ. ಹತ್ತು ಸುತ್ತಿಗೆ 8 ಗಂಟೆ 20 ನಿಮಿಷ. ಶನಿವಾರ ಮಧ್ಯಾಹ್ನ 2ರಿಂದ ಐದು ಸುತ್ತು, ಭಾನುವಾರ ಬೆಳಿಗ್ಗೆ 9.30ರಿಂದ ಐದು ಸುತ್ತು ಇಟ್ಟರೆ ಊಟದ ಬಿಡುವೂ ಸಿಗುತ್ತದೆ. ಟ್ವಿಸ್ಟ್ ಇರುವ ಸುತ್ತಿಗೆ ಇನ್ನೂ 20 ನಿಮಿಷ ಸೇರಿಸಿ. ಈ 20 ನಿಮಿಷವನ್ನು ಹೆಚ್ಚಿನವರು ಮರೆಯುತ್ತಾರೆ, ಆಮೇಲೆ ಫೈನಲ್ ರಾತ್ರಿಗೆ ಜಾರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ, ಹಗಲಿಗೂ ಪೊಲೀಸ್ ಠಾಣೆಯ ಅನುಮತಿ ಬೇಕು.

2. ಸಮಮತಕ್ಕೆ ದಾರಿ ಮೊದಲೇ ಇರಲಿ

ಟ್ವಿಸ್ಟ್ ಕೆಡುವುದು ಹೆಚ್ಚಾಗಿ ಇಲ್ಲಿ. ಮತ ಸಮ ಬಿದ್ದಾಗ ಏನು ಅಂತ ಬರೆದಿಲ್ಲದಿದ್ದರೆ ವೇದಿಕೆಯ ಮೇಲೇ ಸಮಿತಿ ಸಭೆ ಶುರುವಾಗುತ್ತದೆ.

ಮೊದಲು ಮರುಮತ. ಸಮ ಬಿದ್ದ ಇಬ್ಬರನ್ನು ಬಿಟ್ಟು ಉಳಿದವರು, ಆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಮತ ಹಾಕಬೇಕು. 9 ಮಂದಿ ಇದ್ದಾಗ 4–4–1 ಬಿದ್ದರೆ ಮರುಮತಕ್ಕೆ 7 ಜನ, ಅಂದರೆ ಫಲಿತಾಂಶ ಖಚಿತ. 8 ಮಂದಿ ಇದ್ದಾಗ 4–4 ಬಿದ್ದರೆ ಮರುಮತಕ್ಕೆ 6 ಜನ, 3–3 ಆಗುವ ಸಾಧ್ಯತೆ ಇದೆ. 4 ಮಂದಿ ಇದ್ದಾಗ 1–1 ಆಗಬಹುದು. ಆಗ ಸಮ ಬಿದ್ದ ಇಬ್ಬರ ನಡುವೆ ಒಂದು ನಿರ್ಣಾಯಕ ಆಟ ಇಡಿ.

ಚೀಟಿ ಎತ್ತುವುದು, ಕಲ್ಲು ಎತ್ತುವುದು ಬೇಡ. ಆಟಗಾರರೇ ಮತ ಹಾಕಿ ಒಬ್ಬೊಬ್ಬರನ್ನೇ ಹೊರಗೆ ಕಳಿಸುವ ಅಮೆರಿಕದ ಸರ್ವೈವರ್ ಎಂಬ ಟಿವಿ ಶೋನಲ್ಲಿ 2002ರ ಮಾರ್ಕ್ವೇಸಸ್ ಸೀಸನ್‌ನಲ್ಲಿ ನಾಲ್ವರು ಉಳಿದಿದ್ದಾಗ ಮತ ಸಮವಾಗಿ ಕಲ್ಲು ಎತ್ತಿಸಿದರು. ನೇರಳೆ ಕಲ್ಲು ಬಂದು ಹೊರಗೆ ಹೋದ ಪ್ಯಾಸ್ಕಲ್ ಇಂಗ್ಲಿಷ್‌ಗೆ ಆ ದಿನ ಒಂದು ಮತವೂ ಬಿದ್ದಿರಲಿಲ್ಲ. ಟಿವಿಯಲ್ಲಿ ಅದು ದೊಡ್ಡ ಚರ್ಚೆಯಾಗಿ ಮುಗಿಯುತ್ತದೆ. ಊರಲ್ಲಾದರೆ ಹಾಗೆ ಹೊರಗೆ ಹೋದ ಹುಡುಗನ ಮನೆಯವರು ಮುಂದಿನ ವರ್ಷ ವಂತಿಗೆ ಕೊಡುವುದಿಲ್ಲ.

ನಿರ್ಣಾಯಕ ಆಟವನ್ನು ಆರಿಸುವಾಗ ಜಾಗ್ರತೆ. ಅಡಿಕೆ ಸುಲಿಯುವ ಆಟ ಇಟ್ಟರೆ ಶಿರಸಿ ಸಿದ್ದಾಪುರದವರು ಮುಂದೆ. ಬಲೆಯ ಗಂಟು ಬಿಡಿಸುವುದು ಇಟ್ಟರೆ ಕಾರವಾರದ ಬೈತಖೋಲ ಬಂದರಿನವರು ಕಣ್ಣು ಮುಚ್ಚಿ ಗೆಲ್ಲುತ್ತಾರೆ. ಏಳು ಲಗೋರಿ ಬಿಲ್ಲೆಗಳನ್ನು ರೂಢಿಯಿಲ್ಲದ ಕೈಯಿಂದ ಒಂದರ ಮೇಲೊಂದು ಪೇರಿಸುವುದು ಒಳ್ಳೆಯದು: ಬಲಗೈಯವರಿಗೆ ಎಡಗೈ, ಎಡಗೈಯವರಿಗೆ ಬಲಗೈ. ಪೇರಿಸಿ, ಕೈ ಬಿಟ್ಟು, ಮೂರು ಎಣಿಸುವವರೆಗೆ ನಿಂತರೆ ಗೆಲುವು. ಕಡಲ ದಂಡೆಯ ಬಯಲಲ್ಲಿ ಗಾಳಿ ಇರುತ್ತದೆ, ಇದನ್ನು ಗೋಡೆಯ ಮರೆಯಲ್ಲಿ ಹಲಗೆ ಹಾಕಿ ಆಡಿಸಿ.

3. ಟ್ವಿಸ್ಟ್ ಆರಿಸಿ: ಎರಡೇ ಸಾಕು

12 ಜನರ ಎರಡು ದಿನದ ಆಟಕ್ಕೆ ಎರಡು ಟ್ವಿಸ್ಟ್ ಸಾಕು. ಒಂದು ತಂಡದ ಹಂತದಲ್ಲಿ, ಒಂದು ಒಂಟಿ ಆಟದ ಹಂತದಲ್ಲಿ. ಕೊನೆಯ ನಾಲ್ವರು ಉಳಿದ ಮೇಲೆ ಹೊಸದೇನೂ ಬೇಡ.

*ತಂಡ ಬದಲು.* 10 ಮಂದಿ ಉಳಿದಾಗ ಎಲ್ಲರನ್ನೂ ಕಲಸಿ ಐದೈದರ ಎರಡು ಹೊಸ ತಂಡ ಮಾಡುವುದು. ಹೊಸಬರಿಗೆ ಇದೇ ಒಳ್ಳೆಯದು, ಏಕೆಂದರೆ ಯಾರ ಕೈಗೂ ವಿಶೇಷ ಅಧಿಕಾರ ಹೋಗುವುದಿಲ್ಲ, ಎಲ್ಲರ ಸ್ಥಿತಿಯೂ ಒಟ್ಟಿಗೆ ಬದಲಾಗುತ್ತದೆ. ಐದು ಕೆಂಪು, ಐದು ನೀಲಿ ಬಟ್ಟೆಪಟ್ಟಿಗಳನ್ನು ಒಂದೇ ರೀತಿಯ ಕಾಗದದಲ್ಲಿ ಮಡಚಿ ಚೀಲಕ್ಕೆ ಹಾಕಿ. ಪಟ್ಟಿಗಳು ಒಂದೇ ಥಾನಿನ ಬಟ್ಟೆಯಾಗಿರಲಿ, ದಪ್ಪದಲ್ಲಿ ವ್ಯತ್ಯಾಸವಿದ್ದರೆ ಮುಟ್ಟಿ ಗುರುತು ಹಿಡಿಯುತ್ತಾರೆ. ಎಲ್ಲರೂ ಎತ್ತಿಕೊಂಡ ಮೇಲೆ ಒಟ್ಟಿಗೆ ಬಿಚ್ಚಬೇಕು.

*ಗುಪ್ತ ರಕ್ಷೆ.* ಅಡಗಿಸಿಟ್ಟ ಒಂದು ವಸ್ತು. ಸಿಕ್ಕವರು ಮತ ಎಣಿಸುವ ಮೊದಲು ಅದನ್ನು ಕೊಟ್ಟರೆ ಅವರಿಗೆ ಬಿದ್ದ ಮತಗಳೆಲ್ಲ ರದ್ದು. ಸರ್ವೈವರ್‌ಗೆ ಇದು ಬಂದದ್ದು 2005ರ ಗ್ವಾಟೆಮಾಲಾ ಸೀಸನ್‌ನಲ್ಲಿ, ಇವತ್ತಿಗೂ ಉಳಿದಿದೆ. ನೋಡುವವರಿಗೆ ಇದರಷ್ಟು ರುಚಿ ಬೇರೆ ಯಾವುದರಲ್ಲೂ ಇಲ್ಲ, ಸಂಘಟಕರಿಗೆ ಇದರಷ್ಟು ಕೆಲಸವೂ ಬೇರೆ ಯಾವುದರಲ್ಲೂ ಇಲ್ಲ. ಇದಕ್ಕೆ ಮುಂದೆ ಒಂದು ಹಂತವನ್ನೇ ಕೊಟ್ಟಿದೆ.

*ಡಬಲ್ ಎಲಿಮಿನೇಷನ್.* ಒಂದೇ ಮತದಾನದಲ್ಲಿ ಇಬ್ಬರು ಹೊರಗೆ. 8 ಮಂದಿ ಇದ್ದಾಗ ಇಡಿ. 4–2–2 ಬಿದ್ದರೆ ನಾಲ್ಕು ಮತದವರು ಮೊದಲು ಹೊರಗೆ, ಆಮೇಲೆ ಎರಡೆರಡು ಬಿದ್ದವರ ನಡುವೆ ಮರುಮತ. 8ರಲ್ಲಿ ಹೊರಹೋದ ಒಬ್ಬರು, ಸಮ ಬಿದ್ದ ಇಬ್ಬರು ಕಳೆದರೆ 5 ಮತದಾರರು ಉಳಿಯುತ್ತಾರೆ, ಇಲ್ಲಿ ಸಮ ಬೀಳುವುದಿಲ್ಲ. ಒಂದು ಸುತ್ತು ಉಳಿಯುವುದರಿಂದ ಹೊತ್ತು ಮೀರುತ್ತಿರುವ ಆಟಕ್ಕೆ ಇದು ಅನುಕೂಲ. ಆದರೆ ಹೊತ್ತು ಮೀರಿತು ಅಂತ ಆಗಲೇ ನಿರ್ಧರಿಸಬೇಡಿ, ಲಕೋಟೆಯಲ್ಲಿ ಇದ್ದರೆ ಮಾತ್ರ ಮಾಡಿ. ಗುಪ್ತ ರಕ್ಷೆ ಚಾಲ್ತಿಯಲ್ಲಿರುವ ಆಟದಲ್ಲಿ ಡಬಲ್ ಎಲಿಮಿನೇಷನ್ ಇಡಲೇಬೇಡಿ. ಎರಡೂ ಒಂದೇ ಸುತ್ತಿನಲ್ಲಿ ಬಿದ್ದರೆ ಲೆಕ್ಕ ಯಾರಿಗೂ ಅರ್ಥವಾಗುವುದಿಲ್ಲ.

*ವೈಲ್ಡ್ ಕಾರ್ಡ್.* ನಡುವೆ ಹೊಸಬರನ್ನು ಒಳಗೆ ಬಿಡುವುದು. ಬಿಗ್ ಬಾಸ್ ಕನ್ನಡದ 11ನೇ ಸೀಸನ್‌ನಲ್ಲಿ ವೈಲ್ಡ್ ಕಾರ್ಡ್ ಆಗಿ ಹೋದ ಹನುಮಂತ 2025ರ ಜನವರಿಯಲ್ಲಿ ಗೆದ್ದೇ ಬಂದರು. ತಿಂಗಳುಗಟ್ಟಲೆ ನಡೆಯುವ ಶೋನಲ್ಲಿ ಹೊಸಬರೂ ಬಹಳ ದಿನ ಆಡಿಯೇ ಗೆಲ್ಲಬೇಕು. ಎರಡು ದಿನದ ಆಟದಲ್ಲಿ ಭಾನುವಾರ ಬೆಳಿಗ್ಗೆ ಬಂದವರು ಗೆದ್ದರೆ ಶನಿವಾರದ ಬಿಸಿಲಲ್ಲಿ ಓಡಿದವರಿಗೆ ಸಮಾಧಾನ ಎಲ್ಲಿಂದ ಬರಬೇಕು? ಇಡಲೇಬೇಕೆಂದಿದ್ದರೆ ಎರಡನೇ ಸುತ್ತಿನೊಳಗೆ ಇಡಿ, ಸೋತ ತಂಡಕ್ಕೆ ಸೇರಿಸಿ, ಯಾವ ರಕ್ಷೆಯನ್ನೂ ಕೊಡಬೇಡಿ. ತಲೆ 13 ಆಗುವುದರಿಂದ ತಂಡದ ಹಂತದಲ್ಲೇ ಒಂದು ಎಲಿಮಿನೇಷನ್ ಹೆಚ್ಚಿಸಿ 9ಕ್ಕೆ ತನ್ನಿ.

*ಹೊರಹೋದವರು ಮರಳುವುದು.* ಸರ್ವೈವರ್‌ನ 2019ರ ಎಡ್ಜ್ ಆಫ್ ಎಕ್ಸ್‌ಟಿಂಕ್ಷನ್ ಸೀಸನ್‌ನಲ್ಲಿ ಮೂರನೆಯವರಾಗಿ ಹೊರಬಿದ್ದ ಕ್ರಿಸ್ ಅಂಡರ್‌ವುಡ್ ಕೊನೆಯಲ್ಲಿ ಮರಳಿ ಬಂದು ಗೆದ್ದರು. ನಡುವಿನ ದಿನಗಳಲ್ಲಿ ಅವರು ಬೇರೆಡೆ, ಆಮೇಲೆ ತೀರ್ಪು ಕೊಡಬೇಕಾದವರ ಜೊತೆಯಲ್ಲೇ ಇದ್ದರು. ಒಳಗಿದ್ದು ಒಬ್ಬೊಬ್ಬರನ್ನೇ ಹೊರಗೆ ಕಳಿಸಿ ಎಲ್ಲರ ಸಿಟ್ಟು ಹೊತ್ತವರಿಗಿಂತ ಅವರ ದಾರಿ ಸುಲಭವಾಯಿತು. ಹಾಗಾಗಿ 9ಕ್ಕೆ ಬಂದ ಮೇಲೆ ಯಾರೂ ಮರಳುವಂತಿಲ್ಲ ಅಂತ ನಿಯಮ ಬರೆಯಿರಿ.

*ಸೀಕ್ರೆಟ್ ರೂಮ್.* ಹೊರಗೆ ಹೋದರು ಅಂತ ಹೇಳಿ ಒಬ್ಬರನ್ನು ಅಡಗಿಸಿ, ಉಳಿದವರ ಮಾತು ಕೇಳಿಸುವುದು. ಬಯಲಿನಲ್ಲಿ, ಊರವರ ಎದುರು ನಡೆಯುವ ಆಟಕ್ಕೆ ಇದು ಹೊಂದುವುದಿಲ್ಲ. ಐದು ನಿಮಿಷದಲ್ಲಿ ಯಾರಾದರೂ ಫೋನ್ ಮಾಡಿ ಹೇಳಿಬಿಡುತ್ತಾರೆ.

4. ಬಿಡಬೇಕಾದ ಟ್ವಿಸ್ಟುಗಳು

ಗೆದ್ದದ್ದನ್ನು ಹಿಂದಕ್ಕೆ ಕಸಿಯುವುದು ಮೊದಲನೆಯದು. 2021ರಲ್ಲಿ ಬಂದ ಸರ್ವೈವರ್ 41ರಲ್ಲಿ ಆಟ ಗೆದ್ದು ಸುರಕ್ಷಿತರಾದವರನ್ನು, ಒಬ್ಬ ಆಟಗಾರ್ತಿ ಫಲಿತಾಂಶ ತಿರುಗಿಸುವ ಮರಳುಗಡಿಯಾರವನ್ನು ಒಡೆದ ಕಾರಣಕ್ಕೆ, ಅಸುರಕ್ಷಿತರನ್ನಾಗಿ ಮಾಡಲಾಯಿತು. ಸೋತವರು ಸುರಕ್ಷಿತರಾದರು. ನಿಷ್ಠಾವಂತ ನೋಡುಗರೇ ಇದನ್ನು ಕಟುವಾಗಿ ಟೀಕಿಸಿದರು. ಒಮ್ಮೆ ಮೈಕಿನಲ್ಲಿ "ಇವರು ಸುರಕ್ಷಿತ" ಅಂದ ಮೇಲೆ ಆ ಸುತ್ತಿನಲ್ಲಿ ಅದು ಬದಲಾಗಬಾರದು. ಟ್ವಿಸ್ಟ್ ಮುಂದಿನದನ್ನು ಬದಲಿಸಲಿ, ಹಿಂದಿನದನ್ನು ಮುಟ್ಟದಿರಲಿ.

ಎರಡನೆಯದು ಊಟ, ನೀರು, ಶೌಚಾಲಯ, ನಿದ್ದೆಯ ಮೇಲಿನ ಟ್ವಿಸ್ಟ್. 2024ರಲ್ಲಿ ಬಿಗ್ ಬಾಸ್ ಕನ್ನಡದ 11ನೇ ಸೀಸನ್ ಮನೆಯನ್ನು ಸ್ವರ್ಗ, ನರಕ ಅಂತ ಭಾಗ ಮಾಡಿ ಶುರುವಾದಾಗ ರಾಜ್ಯ ಮಹಿಳಾ ಆಯೋಗಕ್ಕೆ ದೂರು ಹೋಗಿತ್ತು. ನಿಮ್ಮಲ್ಲಿ ವೈದ್ಯರ ತಂಡವಿಲ್ಲ, ಕರಾರುಪತ್ರವಿಲ್ಲ, ಕರಾವಳಿಯ ಸೆಕೆ ಮಾತ್ರ ಇದೆ. ಸೋತ ತಂಡಕ್ಕೂ ಗೆದ್ದ ತಂಡಕ್ಕೂ ಒಂದೇ ಊಟ.

ಮೂರನೆಯದು ಬಹುಮಾನದ ಮೊತ್ತವನ್ನು ನಡುವೆ ಏರಿಸಿ ಇಳಿಸುವುದು. ದಾನಿಗಳಿಗೆ ಹೇಳಿದ ಮಾತು, ಕರಪತ್ರದಲ್ಲಿ ಅಚ್ಚಾದ ಅಂಕಿ ಬದಲಾದರೆ ಲೆಕ್ಕ ಕೊಡುವುದು ಕಷ್ಟ. ನಗದು 10,000 ರೂಪಾಯಿ ಮೀರಿದರೆ ಶೇ. 30ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿಯಬೇಕಾಗುತ್ತದೆ. ಟ್ವಿಸ್ಟಿನ ಹುರುಪಿನಲ್ಲಿ ಆ ಗೆರೆ ದಾಟಬೇಡಿ.

ಪ್ರೇಕ್ಷಕರ ಮತದಿಂದ ಒಬ್ಬರನ್ನು ಹೊರಗೆ ಹಾಕುವುದೂ ಬೇಡ. ಹೊನ್ನಾವರದಲ್ಲಿ ಆಟ ನಡೆದರೆ ಹೊನ್ನಾವರದವರೇ ಹೆಚ್ಚು ಇರುತ್ತಾರೆ, ದಾಂಡೇಲಿಯಿಂದ ಒಬ್ಬಳೇ ಬಂದವಳನ್ನು ಉಳಿಸುವವರು ಯಾರು? ಪ್ರೇಕ್ಷಕರಿಗೆ ಪಾಲು ಕೊಡಲೇಬೇಕಾದರೆ ಮುಂದಿನ ಎರಡು ಆಟಗಳಲ್ಲಿ ಯಾವುದು ಮೊದಲು ಅಂತ ಆರಿಸಲು ಬಿಡಿ.

5. ಗುಪ್ತ ರಕ್ಷೆ ಇಡುವವರು ಇದನ್ನು ಎರಡು ಸಲ ಓದಿ

ಅಂಗೈಯಲ್ಲಿ ಅಡಗುವ ಅಳತೆ, ಅಂದರೆ ಸುಮಾರು 5 ಸೆಂಟಿಮೀಟರ್ ಮರದ ತುಂಡು. ಹಿಂಬದಿಗೆ ಸಂಘದ ಮೊಹರು ಮತ್ತು ಅಧ್ಯಕ್ಷರ ಸಹಿ. ಕಾಗದವಾದರೆ ಲ್ಯಾಮಿನೇಟ್ ಮಾಡಿಸಿ, ಘಟ್ಟದ ಮೇಲಿನ ರಾತ್ರಿಯ ಇಬ್ಬನಿಗೆ ಬರೀ ಕಾಗದ ಬೆಳಿಗ್ಗೆ ಮುದ್ದೆಯಾಗಿರುತ್ತದೆ.

ಅಡಗಿಸುವ ಜಾಗವನ್ನು ಹಗ್ಗ ಎಳೆದು ಗುರುತಿಸಿ, ಅದರ ಹೊರಗೆ ಹುಡುಕುವಂತಿಲ್ಲ. ಬಾವಿಯ ಹತ್ತಿರ, ಮರದ ಮೇಲೆ, ಕಲ್ಲುಪಾಗಾರದ ಸಂದಿಯಲ್ಲಿ, ತರಗೆಲೆಯ ರಾಶಿಯಲ್ಲಿ ಇಡಬೇಡಿ. ಪಾಗಾರದ ಸಂದಿ ಮತ್ತು ತರಗೆಲೆ ಹಾವಿನ ಜಾಗ. ದಂಡೆಯ ಮೇಲಾದರೆ ಭರತದ ಗೆರೆಗಿಂತ ಸಾಕಷ್ಟು ಮೇಲೆ ಇಡಿ. ಅಡಗಿಸುವವರು ಒಬ್ಬರೇ ಇರಲಿ, ಆಟಗಾರರಲ್ಲಿ ಅವರ ಸಂಬಂಧಿಕರು ಯಾರೂ ಇರಬಾರದು.

ಈಗ ಲೆಕ್ಕ. 7 ಮಂದಿ ಇದ್ದಾರೆ. ಒಬ್ಬರಿಗೆ 4 ಮತ, ಇನ್ನೊಬ್ಬರಿಗೆ 3. ನಾಲ್ಕು ಬಿದ್ದವರು ರಕ್ಷೆ ಕೊಟ್ಟಿದ್ದರೆ ಆ ನಾಲ್ಕೂ ರದ್ದು, ಮೂರು ಬಿದ್ದವರು ಹೊರಗೆ. ಬಿದ್ದ ಮತಗಳೆಲ್ಲ ರಕ್ಷೆ ಇದ್ದವರಿಗೇ ಆಗಿದ್ದರೆ? ಆಗ ಒಂದು ಮತವೂ ಉಳಿಯುವುದಿಲ್ಲ. ಮತ್ತೆ ಮತದಾನ, ರಕ್ಷೆ ಇದ್ದವರಿಗೆ ಮತ ಹಾಕುವಂತಿಲ್ಲ, ಆದರೆ ಅವರೂ ಮತ ಹಾಕಬಹುದು. ಈ ಸಾಲು ನಿಮ್ಮ ನಿಯಮದಲ್ಲಿ ಇರಲೇಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯ ಮಿತಿ: ಯಾವುದೇ ಮತದಾನದಲ್ಲಿ ರಕ್ಷೆಯಿಲ್ಲದವರು ಕನಿಷ್ಠ 3 ಮಂದಿ ಇರಬೇಕು. ಸರ್ವೈವರ್‌ನ 2017ರ ಗೇಮ್ ಚೇಂಜರ್ಸ್ ಸೀಸನ್‌ನಲ್ಲಿ ಆರು ಮಂದಿ ಉಳಿದಾಗ ಹಾರ, ಗುಪ್ತ ರಕ್ಷೆಗಳು, ಇನ್ನೊಂದು ವಿಶೇಷ ಸವಲತ್ತು ಎಲ್ಲ ಒಂದೇ ರಾತ್ರಿ ಹೊರಗೆ ಬಂದು ಐವರು ಸುರಕ್ಷಿತರಾದರು. ಉಳಿದವರು ಸಿರಿ ಫೀಲ್ಡ್ಸ್ ಒಬ್ಬರೇ. ಒಂದು ಮತವೂ ಬೀಳದೆ ಅವರು ಹೊರಗೆ ಹೋದರು. ಪ್ರತಿಯೊಂದು ರಕ್ಷೆಯೂ ಬಿಡಿಯಾಗಿ ಸರಿಯಿತ್ತು, ಎಲ್ಲ ಒಟ್ಟಿಗೆ ಬಂದರೆ ಎಷ್ಟು ಮಂದಿ ಉಳಿಯುತ್ತಾರೆ ಅನ್ನುವುದಕ್ಕೆ ಮಾತ್ರ ತಡೆ ಇರಲಿಲ್ಲ.

ನಿಮ್ಮ ಆಟದಲ್ಲಿ ಒಂದು ಹಾರ, ಒಂದು ಗುಪ್ತ ರಕ್ಷೆ. 5 ಮಂದಿ ಇದ್ದಾಗ ಇಬ್ಬರು ಸುರಕ್ಷಿತರಾದರೆ ಮೂವರು ಉಳಿಯುತ್ತಾರೆ. ಆದ್ದರಿಂದ 5 ಮಂದಿಯ ಮತದಾನವೇ ಗುಪ್ತ ರಕ್ಷೆಯ ಕೊನೆಯ ಅವಕಾಶ, ಆಮೇಲೆ ಅದು ಬರಿಯ ಮರದ ತುಂಡು. ಮೂವರು ಉಳಿದಾಗ ಈ ಮಿತಿ ಅನ್ವಯಿಸುವುದಿಲ್ಲ, ಅಲ್ಲಿ ಕೊನೆಯ ಆಟ ಗೆದ್ದವರೇ ಫೈನಲ್‌ಗೆ ತಮ್ಮ ಎದುರಾಳಿಯನ್ನು ಆರಿಸಲಿ.

ನಕಲಿ ರಕ್ಷೆ ಮಾಡಿ ಹೆದರಿಸಬಹುದೇ, ಸಿಕ್ಕ ರಕ್ಷೆಯನ್ನು ಬೇರೆಯವರಿಗೆ ಕೊಡಬಹುದೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂತ ಬರೆಯುವುದು ಒಳ್ಳೆಯದು. ಕೈ ಬದಲಾಯಿಸಲು ಬಿಟ್ಟರೆ ಅಣ್ಣ ತಮ್ಮ, ಅಕ್ಕ ತಂಗಿ ಒಂದೇ ಆಟದಲ್ಲಿದ್ದಾಗ ತಕರಾರು ಬರುತ್ತದೆ.

6. ಲಕೋಟೆ ಕಟ್ಟಿ

ಸ್ಪರ್ಧೆಗೆ 15 ದಿನ ಮೊದಲು ಪ್ರತಿ ಟ್ವಿಸ್ಟನ್ನೂ ಒಂದೊಂದು ಹಾಳೆಯಲ್ಲಿ ಆರು ಸಾಲಿನಲ್ಲಿ ಬರೆಯಿರಿ: ಹೆಸರು, ಯಾವಾಗ ಶುರು, ಯಾರಿಗೆ, ಏನು ಅಧಿಕಾರ, ಯಾವಾಗ ಮುಗಿಯುತ್ತದೆ, ಸಮ ಬಿದ್ದರೆ ಅಥವಾ ಮತ ರದ್ದಾದರೆ ಏನು. "ಯಾವಾಗ" ಅನ್ನುವುದನ್ನು ತಲೆಗಳ ಲೆಕ್ಕದಲ್ಲೇ ಬರೆಯಿರಿ. "ಸಂಜೆ 4ಕ್ಕೆ" ಅಂತ ಬರೆದರೆ ಆಟ ತಡವಾದಾಗ ಯಾರಿಗೋ ಅನುಕೂಲ ಮಾಡಿದಂತೆ ಕಾಣುತ್ತದೆ. "10 ಮಂದಿ ಉಳಿದಾಗ" ಅಂದರೆ ಮಾತೇ ಇಲ್ಲ.

ಎರಡು ಪ್ರತಿ ಮಾಡಿ, ಬೇರೆ ಬೇರೆ ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಅಡ್ಡ ಸಹಿ ಹಾಕಿಸಿ. ಒಂದು ಸಮಿತಿಯ ಬಳಿ, ಇನ್ನೊಂದು ಊರಲ್ಲಿ ಎಲ್ಲರೂ ಒಪ್ಪುವ, ಮನೆಯವರು ಯಾರೂ ಆಟದಲ್ಲಿಲ್ಲದ ಒಬ್ಬರ ಬಳಿ ಇರಲಿ. ನಿವೃತ್ತ ಮಾಸ್ತರರು, ಅಕ್ಕೋರು ಇಂಥ ಕೆಲಸಕ್ಕೆ ತಕ್ಕವರು. ಆಟದ ಮೊದಲ ದಿನ "ಎರಡು ಟ್ವಿಸ್ಟ್ ಇವೆ, ಲಕೋಟೆಯಲ್ಲಿವೆ" ಅಂತ ಎಲ್ಲರಿಗೂ ಹೇಳಿ. ಏನಿದೆ ಅನ್ನುವುದು ಗುಟ್ಟಾಗಿರಲಿ, ಇದೆ ಅನ್ನುವುದು ಗುಟ್ಟಾಗಿರುವುದು ಬೇಡ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯಲು ಸರ್ವೈವರ್‌ನ 35ನೇ ಸೀಸನ್ ನೋಡಿ. 2017ರಲ್ಲಿ ನಾಲ್ವರು ಉಳಿದಾಗ, ಇದ್ದಕ್ಕಿದ್ದಂತೆ ಮತದಾನದ ಬದಲು ಇಬ್ಬರು ಬೆಂಕಿ ಹೊತ್ತಿಸುವ ಪೈಪೋಟಿ ಮಾಡಬೇಕು ಅಂದರು. ಮತ ಹಾಕಿದ್ದರೆ ಹೊರಗೆ ಹೋಗುವ ಸ್ಥಿತಿಯಲ್ಲಿದ್ದ ಬೆನ್ ಡ್ರೀಬರ್ಗನ್ ಬೆಂಕಿ ಹೊತ್ತಿಸಿ ಉಳಿದರು, ಆಟವನ್ನೂ ಗೆದ್ದರು. ಅವರಿಗಾಗಿಯೇ ನಿಯಮ ತಂದರು ಅನ್ನುವ ಮಾತು ಆಗ ಎದ್ದಿತು. ಮುಂದಿನ ಸೀಸನ್‌ಗಳಲ್ಲಿ ಅದೇ ನಿಯಮ ಎಲ್ಲರಿಗೂ ಗೊತ್ತಿರುವ ನಿಯಮವಾಯಿತು, ಈಗ ಆಟಗಾರರು ಬೆಂಕಿ ಹೊತ್ತಿಸುವುದನ್ನು ಮನೆಯಲ್ಲೇ ಕಲಿತು ಬರುತ್ತಾರೆ.

7. ಹುಣಸೆಬೀಜದಲ್ಲಿ ಆಡಿ ನೋಡಿ

12 ಹುಣಸೆಬೀಜಕ್ಕೆ ಸಂಖ್ಯೆ ಬರೆದು ಮೇಜಿನ ಮೇಲೆ ಇಡಿ. ಸಮಿತಿಯ ನಾಲ್ವರು ಕೂತು ಆಟವನ್ನು ಮೊದಲಿಂದ ಕೊನೆವರೆಗೆ ಮೂರು ಸಲ ಆಡಿ. ಮೊದಲ ಸಲ ಎಲ್ಲ ಸರಳವಾಗಿ. ಎರಡನೇ ಸಲ ಪ್ರತಿ ಮತವೂ ಸಮ ಬೀಳುವಂತೆ. ಮೂರನೇ ಸಲ ಹಾರ, ಗುಪ್ತ ರಕ್ಷೆ ಎರಡೂ ಒಬ್ಬರ ಕೈಗೇ ಹೋಗುವಂತೆ. ಗಾಯಗೊಂಡು ಒಬ್ಬರು ನಡುವೆ ಬಿಟ್ಟುಹೋದರೆ ಏನು ಅನ್ನುವುದನ್ನೂ ಇಲ್ಲೇ ನೋಡಿ: ಆ ಸುತ್ತಿನ ಎಲಿಮಿನೇಷನ್ ರದ್ದು ಮಾಡಿದರೆ ತಲೆಲೆಕ್ಕ ಕೆಡುವುದಿಲ್ಲ. ಬಿಟ್ಟುಹೋದದ್ದು 9ಕ್ಕೆ ಬಂದ ಮೇಲಾದರೆ ಅವರೂ ತೀರ್ಪುಗಾರರೇ, ಏಳು ಏಳಾಗಿಯೇ ಇರುತ್ತದೆ. "ಇಲ್ಲಿ ಏನು ಮಾಡೋದು?" ಅಂತ ಯಾರಾದರೂ ಕೇಳಿದ ಪ್ರತಿ ಜಾಗದಲ್ಲೂ ನಿಯಮಕ್ಕೆ ಒಂದು ಸಾಲು ಸೇರಬೇಕು.

8. ಆಟದ ದಿನ

ಲಕೋಟೆಯನ್ನು ವೇದಿಕೆಯ ಮೇಲೆ, ಸಹಿ ಎಲ್ಲರಿಗೂ ತೋರಿಸಿ ಒಡೆಯಿರಿ. ಹಾಳೆಯಲ್ಲಿ ಇದ್ದಂತೆಯೇ ಎರಡು ಸಲ ಓದಿ, ವಿವರಿಸಲು ಹೋಗಬೇಡಿ. ನಿರೂಪಕರು ತಮ್ಮ ಮಾತಿನಲ್ಲಿ ಬಿಡಿಸಿ ಹೇಳುವಾಗಲೇ ಹೊಸ ಅರ್ಥ ಹುಟ್ಟುವುದು. ಕಾರವಾರ, ಅಂಕೋಲಾ ಕಡೆ ಕೊಂಕಣಿಯಲ್ಲೂ ಓದಿಸಿ, ಆ ಅನುವಾದವೂ ಲಕೋಟೆಯಲ್ಲೇ ಇರಲಿ. ಪ್ರಶ್ನೆಗೆ ಎರಡು ನಿಮಿಷ ಕೊಡಿ, ಉತ್ತರ ಹಾಳೆಯಿಂದ ಮಾತ್ರ. ಹಾಳೆಯಲ್ಲಿ ಇಲ್ಲದ ಪ್ರಶ್ನೆ ಬಂದರೆ ಮೊದಲೇ ಹೆಸರಿಸಿದ ಮೂವರು ನಿರ್ಣಾಯಕರು ಪಕ್ಕಕ್ಕೆ ಹೋಗಿ ತೀರ್ಮಾನಿಸಿ, ಕಾರಣದೊಂದಿಗೆ ಮೈಕಿನಲ್ಲಿ ಹೇಳಲಿ.

ದಿನ ಗೊತ್ತು ಮಾಡುವಾಗ ಮಳೆಗಾಲದ ನಾಲ್ಕು ತಿಂಗಳು ಬಿಡಿ. ಘಟ್ಟದ ಮೇಲೆ ಕೊನೆಕೊಯ್ಲಿನ ಹೊತ್ತನ್ನೂ ಬಿಡಿ, ಆಗ ಅಂಗಳದ ತುಂಬ ಅಡಿಕೆ, ಮನೆಯಲ್ಲಿ ಒಬ್ಬರಿಗೂ ಬಿಡುವಿಲ್ಲ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಆಸುಪಾಸಿನಲ್ಲಿ ಬಯಲೂ ಸಿಗುವುದಿಲ್ಲ, ಜನವೂ ಸಿಗುವುದಿಲ್ಲ.

ಮತ ಎಣಿಸುವಾಗ ಒಬ್ಬರು ಓದಬೇಕು, ಇನ್ನೊಬ್ಬರು ಚೀಟಿಯನ್ನು ಎತ್ತಿ ತೋರಿಸಬೇಕು. ಮುಗಿದ ಮೇಲೆ ಸುತ್ತಿನ ಸಂಖ್ಯೆ ಬರೆದು ಚೀಟಿಗಳನ್ನು ಕಟ್ಟಿಡಿ. ಒಡೆದ ಲಕೋಟೆ, ಟ್ವಿಸ್ಟಿನ ಹಾಳೆಗಳು, ಹತ್ತು ಸುತ್ತಿನ ಮತಗಳ ಪಟ್ಟಿ ಮರುದಿನ ಸಂಘದ ಫಲಕಕ್ಕೆ ಹೋಗಲಿ. ಚೀಟಿಯ ಕಟ್ಟುಗಳನ್ನು ಒಂದು ವಾರ ಇಟ್ಟುಕೊಳ್ಳಿ, ನೋಡಬೇಕು ಅಂತ ಬಂದವರಿಗೆ ಬಿಚ್ಚಿ ತೋರಿಸಿ.